ನನ್ನ ಹೆಸರಿನವಳ ಕೈಗವಸು

ನಮ್ಮ ಬೆಟ್ಟದೂರು ಕಿನಂಗೋಪಿನಲ್ಲಿ ಮಗು ಹುಟ್ಟಿದ ಕೂಡಲೇ ಅದನ್ನು ಯಾರ ಕಣ್ಣಿಗೂ ಕಾಣದಂತೆ ಮುಚ್ಚಿಡುತ್ತೇವೆ. ಒಂದು ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ಟೋಪಿ, ಕಾಲುಚೀಲ, ಕೈಗವಸು, ಸಾಲದ್ದಕ್ಕೆ ಎರಡು ಶಾಲು. ಇಷ್ಟರ ನಡುವೆ ಎಲ್ಲೋ ಒಂದು ಮೂಗು ಇರುತ್ತದೆ. ನೋಡಲು ಬಂದವರು ಆ ಮೂಗನ್ನು ನೋಡಿ, ಥೇಟ್ ಅಪ್ಪನ ಮೂಗು ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಬೆಟ್ಟದ ಕಡೆಯಿಂದ ಬರುವ ಚಳಿಗೆ ಇದು ಬೇಕು, ಒಪ್ಪೋಣ. ಆದರೆ ನೆತ್ತಿ ಸುಡುವ ಬಿಸಿಲಿನಲ್ಲೂ ಯಾಕೆ ಎಂದು ಕೇಳುವಷ್ಟು ಬುದ್ಧಿವಂತರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ನನ್ನ ಮಗ ಕರೀಥಿಗೆ ಚೊಚ್ಚಲ ಹೆಣ್ಣುಮಗುವಾಯಿತು. ಮೊದಲ ಹೆಣ್ಣಿಗೆ ಅಪ್ಪನ ತಾಯಿಯ ಹೆಸರು. ಇದರಲ್ಲಿ ಎರಡು ಮಾತಿಲ್ಲ. ಹೀಗಾಗಿ ನ್ಯಾಗುಥಿ ಎಂಬ ನಾನು ಅರವತ್ತೊಂದನೇ ವಯಸ್ಸಿನಲ್ಲಿ, ಮೂರು ಕೆ.ಜಿ. ತೂಕದಲ್ಲಿ, ಮತ್ತೊಮ್ಮೆ ಹುಟ್ಟಿದೆ. ಮಗ ಅದನ್ನು ‘ಅಮ್ಮ’ ಎಂದೇ ಕರೆಯುತ್ತಾನೆ. ನನ್ನನ್ನು ಒಮ್ಮೆಯೂ ಅಷ್ಟು ಮುದ್ದಾಗಿ ಕರೆದವನಲ್ಲ. ಇರಲಿ.

ನನ್ನ ಹೆಸರಿನವಳ ಕೈಗವಸನ್ನು ನಾನಲ್ಲದೆ ಇನ್ನಾರು ಹೆಣೆಯಬೇಕು? ಚರ್ಚಿನ ಮಹಿಳಾ ಸಂಘದ ಅರ್ಧ ಜನರಿಗೆ ಕ್ರೋಶಾ ಕಡ್ಡಿ ಹಿಡಿಯಲು ಕಲಿಸಿದವಳು ನಾನು. ಎಳೆಮಗುವಿನ ಕೈಗವಸು ಬಲು ಸುಲಭದ ಕೆಲಸ. ಹೆಬ್ಬೆರಳಿನ ತಾಪತ್ರಯವೂ ಇಲ್ಲ. ತುದಿಯಲ್ಲೊಂದು ಕುಣಿಕೆ, ಅದರ ಸುತ್ತ ಸುತ್ತು ಹಾಕುತ್ತ ಬಂದರೆ ಪುಟ್ಟ ಚೀಲ, ಮಣಿಕಟ್ಟಿಗೆ ಕಟ್ಟಲು ಒಂದು ದಾರ. ಮುಗಿಯಿತು. ಆದರೆ ಸುಲಭವಾದದ್ದನ್ನು ಸುಲಭವಾಗಿ ಬಿಡುವ ಜಾಯಮಾನ ನನ್ನದಲ್ಲ. ಹಳದಿ, ಬಿಳಿ, ಹಸಿರು ಪಟ್ಟೆ ಹಾಕಿದೆ. ಬಣ್ಣ ಬದಲಿಸಿದಾಗಲೆಲ್ಲ ದಾರದ ತುದಿ ಒಳಗಡೆ ಉಳಿಯುತ್ತದೆ. ಅದನ್ನು ಸೂಜಿಯಲ್ಲಿ ಪೋಣಿಸಿ ಹೆಣಿಗೆಯೊಳಗೇ ಅಡಗಿಸಬೇಕು ಎಂದು ಎಲ್ಲರಿಗೂ ಬೈದು ಬೈದು ಕಲಿಸಿದ್ದೇನೆ. ನಾನು ಮಾತ್ರ ತುದಿಗಳನ್ನು ಹಾಗೇ ಬಿಟ್ಟೆ. ಹೊರಗಡೆ ಇಷ್ಟು ಚಂದ ಇರುವಾಗ ಒಳಗಡೆ ಇಣುಕುವವರು ಯಾರು?

ಆರನೆಯ ದಿನ ಸಂಘದ ಹೆಂಗಸರು ಮಗು ನೋಡಲು ಬಂದರು. ಬಾಣಂತಿಗೆ ಫ್ಲಾಸ್ಕಿನಲ್ಲಿ ಗಂಜಿ, ಕಪ್ಪು ಅವರೆಕಾಳಿನ ಪಲ್ಯ, ಜೊತೆಗೆ ಯಾರೂ ಕೇಳದ ಬುದ್ಧಿವಾದ ತಂದಿದ್ದರು. ಬೆಳಿಗ್ಗೆಯೇ ನಾನು ಮಗುವಿಗೆ ಕೈಗವಸು ತೊಡಿಸಿ ಸಿದ್ಧವಾಗಿಟ್ಟಿದ್ದೆ. ಅವರು ಕೂರುವ ಹೊತ್ತಿಗೆ ಮಗು ಅಳಲು ಶುರುಮಾಡಿತು. ಅದು ಅಳುವಲ್ಲ, ಕಿರುಚಾಟ.

“ಅಯ್ಯೋ, ಇವಳು ನ್ಯಾಗುಥಿಯೇ ಬಿಡ್ರೇ!” ಎಂದಳು ಒಬ್ಬಳು. “ಮೀಟಿಂಗಲ್ಲೂ ಇದೇ ದನಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಹೆಮ್ಮೆಯೇ ಆಗಿತ್ತು.

ಸೊಸೆ ವಂಜೇರಿ ಮೆತ್ತಗಿನ ಹುಡುಗಿ. ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. “ಅತ್ತೆ, ಕೈಗವಸು ಒಂದ್ಸಲ ತೆಗೆದು ನೋಡ್ಲಾ?” ಎಂದಳು.

“ಯಾಕೆ, ನ್ಯುಮೋನಿಯಾ ಬರ್ಲಿ ಅಂತಾನಾ? ಪಾದ್ರಿಯವರ ಹೆಂಡತಿ ಇನ್ನೂ ದಾರೀಲಿದಾರೆ. ಅವರು ಬಂದು ನೋಡೋವರೆಗಾದ್ರೂ ಸುಮ್ನಿರು.”

ವಂಜೇರಿ ಸುಮ್ಮನಾದಳು. ಮಗು ಸುಮ್ಮನಾಗಲಿಲ್ಲ. ಚಳಿ ಎಂದು ಒಬ್ಬಳು ಇನ್ನೊಂದು ಶಾಲು ಹೊದಿಸಿದಳು. ತಾಯಿ ಎಲೆಕೋಸು ತಿಂದಿರಬೇಕು ಎಂದು ಮತ್ತೊಬ್ಬಳು ಪತ್ತೆ ಹಚ್ಚಿದಳು. ಮೊಲೆ ಕೊಟ್ಟರೆ ಮಗು ಮುಖ ತಿರುಗಿಸಿತು. ಒಂದು ಗಂಟೆ ಕಳೆಯಿತು. “ಹಟ ನೋಡು, ಹಟ! ಅಜ್ಜಿಯ ರಕ್ತ,” ಎಂದರು. ಆ ಮಾತು ನನಗೆ ಚುಚ್ಚಿತು. ನಾನು ಹಾಲಿನ ಡೇರಿಯವನ ಮೇಲೆ ಕೂಗಾಡಿದ್ದೇನೆ, ಪಾದ್ರಿಯ ಮೇಲೆ ಕೂಗಾಡಿದ್ದೇನೆ, ಗಂಡನ ಮೇಲಂತೂ ಅವನು ಸಾಯುವವರೆಗೂ ಕೂಗಾಡಿದೆ. ಆದರೆ ಕಾರಣವಿಲ್ಲದೆ ಒಂದು ದಿನವೂ ಕೂಗಿದವಳಲ್ಲ. ಇವಳು ನಾನೇ ಆಗಿದ್ದರೆ ಇವಳಿಗೂ ಏನೋ ಕಾರಣ ಇರಲೇಬೇಕು.

ಶಾಲು ಕಿತ್ತೆಸೆದೆ. ಸ್ವೆಟರುಗಳನ್ನು ಬಿಚ್ಚಿ ಬೆನ್ನು ನೋಡಿದೆ, ಹೊಟ್ಟೆ ನೋಡಿದೆ, ಕಾಲು ನೋಡಿದೆ. ಎಲ್ಲಕ್ಕಿಂತ ಕೊನೆಗೆ ಕೈಗವಸಿನ ದಾರ ಬಿಚ್ಚಿದೆ. ಎಡಗೈಯ ಕಿರುಬೆರಳಿಗೆ ಹಳದಿ ದಾರ ಮೂರು ಸುತ್ತು ಬಿಗಿದುಕೊಂಡಿತ್ತು. ಬೆರಳ ತುದಿ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ವಂಜೇರಿ ಉಗುರು ಕತ್ತರಿಸುವ ಪುಟ್ಟ ಕತ್ತರಿ ತಂದು, ನಾನು ಕೈ ಚಾಚುವ ಮೊದಲೇ ತಾನೇ ದಾರ ಕತ್ತರಿಸಿದಳು. ನಿಧಾನವಾಗಿ ನೇರಳೆ ಕೆಂಪಾಯಿತು. ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಹೆಂಗಸರೆಲ್ಲ ತಮ್ಮ ತಮ್ಮ ಚಹಾ ಲೋಟದೊಳಗೆ ನೋಡುತ್ತ ಕೂತರು. ಕರೀಥಿ ಬೈಕು ತೆಗೆದು ತಾಯಿ ಮಗುವನ್ನು ಕ್ಲಿನಿಕ್ಕಿಗೆ ಕರೆದೊಯ್ದ.

ಆಗ ನೆನಪಾಯಿತು. ಮೂರು ವಾರದ ಹಿಂದೆ ಗೆಳತಿ ನ್ಯಾಕಿಯೊಳ ಮೊಮ್ಮಗನಿಗೂ ಇಂಥದ್ದೇ ಜೊತೆ ಕೊಟ್ಟಿದ್ದೆ.

ಆಲೂಗಡ್ಡೆ ಹೊಲದ ಮಧ್ಯೆಯೇ ಓಡಿದೆ. ನ್ಯಾಕಿಯೊ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳನ್ನು ದಾಟಿ ಒಳಗೆ ನುಗ್ಗಿ, ಮಲಗಿದ್ದ ಮಗುವಿನ ಕೈಯಿಂದ ಕೈಗವಸು ಎಳೆದುಕೊಂಡೆ.

“ಏನೇ ಇದು, ಹಾಡುಹಗಲೇ ಕಳ್ಳತನ! ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ತೀಯಾ?” ಎಂದು ಅವಳು ಹಿಂದೆಯೇ ಬಂದಳು.

ಮಗುವಿನ ಬೆರಳುಗಳೆಲ್ಲ ಸರಿಯಾಗಿದ್ದವು. ಕೈಗವಸನ್ನು ಒಳಗು ಹೊರಗು ಮಾಡಿ ನೋಡಿದೆ. ಒಂದೇ ಒಂದು ಎಳೆ ಹೊರಗಿರಲಿಲ್ಲ. ಪ್ರತಿ ತುದಿಯನ್ನೂ ಯಾರೋ ಅಚ್ಚುಕಟ್ಟಾಗಿ ಹೊಲಿದು ಅಡಗಿಸಿದ್ದರು.

“ನೀನು ಕೊಟ್ಟ ದಿನವೇ ಹೊಲಿದೆ,” ಎಂದಳು ನ್ಯಾಕಿಯೊ.

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಇವತ್ತು ನನ್ನ ಮಗೀನ ಬೆರಳೇ ಹೋಗ್ತಿತ್ತು, ಗೊತ್ತಾ!”

ಅವಳು ಒದ್ದೆ ಕೈ ಒರೆಸಿಕೊಂಡಳು. “ನಿನಗೆ ಹೇಳೋದಾ? ನೀನು ಹೆಣೆದ ಟೋಪಿ ಸ್ವಲ್ಪ ದೊಡ್ಡದಾಯ್ತು ಅಂದವಳು ಒಬ್ಬಳಿದ್ಲಲ್ಲ. ಅವಳು ಈಗ ಬೇರೆ ಚರ್ಚಿಗೆ ಹೋಗ್ತಾಳೆ.”

ತಿರುಗಿ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು. ಕರೀಥಿ.

“ಬೆರಳು ಉಳೀತಮ್ಮ. ಇನ್ನರ್ಧ ದಿನ ಬಿಟ್ಟಿದ್ರೆ ಕಷ್ಟವಿತ್ತು ಅಂದ್ರು ನರ್ಸ್.”

“ದೇವರು ದೊಡ್ಡೋನು. ಮತ್ತೇನಂದ್ರು?”

“ಯಾರು ಹೆಣೆದಿದ್ದು ಅಂತ ಕೇಳಿದ್ರು. ಸಂತೇಲಿ ತಂದಿದ್ದು ಅಂದೆ.”

“ಸುಳ್ಳು ಯಾಕೋ ಹೇಳ್ದೆ?”

ಅವನು ತಡವರಿಸಿದ. “ಹಾಗೆ ಹೇಳು ಅಂತ ವಂಜೇರಿ ಅಂದ್ಲು. ಅತ್ತೆ ಹೆಸರು ಹೇಳಿದ್ರೆ ಅವ್ರಿಗೆ ಬೇಜಾರಾಗತ್ತೆ ಅಂತ.”

ಮಗುವಿನ ಬೆರಳು ಹೋಗುತ್ತಿದ್ದರೂ ಆ ಹುಡುಗಿಗೆ ನನ್ನ ಭಯವೇ ದೊಡ್ಡದಾಗಿತ್ತು. ನನಗೆ ನಾಚಿಕೆಯಾಯಿತು. ಹಿಂದೆಂದೂ ಅಷ್ಟು ನಾಚಿಕೆಯಾದದ್ದಿಲ್ಲ.

“ಫೋನ್ ನರ್ಸ್ ಕೈಗೆ ಕೊಡು,” ಎಂದೆ. “ವಂಜೇರೀನೂ ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ಲಿ.”

ನರ್ಸ್ ಫೋನಿಗೆ ಬಂದಳು. “ಸಂತೇದಲ್ಲ ಅದು, ನಾನು ಹೆಣೆದಿದ್ದು,” ಎಂದೆ. “ತೆಗೀಲಾ ಅಂತ ಸೊಸೆ ಕೇಳಿದ್ಲು. ಬೇಡ ಅಂದವಳೂ ನಾನೇ.”

ನರ್ಸ್ ಬೈಯಲು ಶುರುಮಾಡಿದಳು. ಒಳ್ಳೆಯ ಗಂಟಲು ಅವಳದ್ದು. ನಾನು ನಡುವೆ ಬಾಯಿ ಹಾಕಲಿಲ್ಲ. ನ್ಯಾಕಿಯೊ ಒಂದು ಸ್ಟೂಲು ತಂದು ನನ್ನನ್ನು ಕೂರಿಸಿ, ತಾನೂ ಫೋನಿಗೆ ಕಿವಿ ತಾಗಿಸಿಕೊಂಡು ಕೂತಳು.