ಸುರತ್ತಿನ ಹಸಿರು ಪಟ್ಟಿ

ಹಸಿರು ಪಟ್ಟಿ ಏರುತ್ತಿದೆ, ಏರಲಿ, ಪರದೆಯ ಮೇಲೆ ಗಿರಾಕಿಗಳನ್ನು ಎಣಿಸುವ ಮೂರು ಪಟ್ಟಿ, ಅಹಮದಾಬಾದಿಗೊಂದು, ವಡೋದರಾಕ್ಕೊಂದು, ಸುರತ್ತಿಗೊಂದು, ಊರಿಗೊಂದು ಸರ್ವರ್, ನವರಾತ್ರಿಯ ಗರ್ಬಾ ಕುಣಿತದ ಪಾಸು ಇಂಟರ್ನೆಟ್ಟಿನಲ್ಲೇ ಕೊಳ್ಳಿ ಎಂದದ್ದೇ ತಡ ಇಡೀ ಗುಜರಾತ್ ಮೋಡೆಮ್ ಕಿರುಚಿಸುತ್ತಾ ನುಗ್ಗಿದೆ, ಆ ಸಾಗರವನ್ನು ಮೂರು ಕಾಲುವೆಗೆ ತಿರುಗಿಸಿದ ಭಗೀರಥ ಯಾರು, ನಾನು, ಸುಧನ್ವ — ಯಾವ ಸರ್ವರಿನ ಕೈ ಖಾಲಿಯೋ ಮುಂದಿನ ಗಿರಾಕಿ ಅದಕ್ಕೆ, ಈ ಸೂತ್ರ ಬರೆದ ದಿನ ಕಂಪ್ಯೂಟರೇ ಎದ್ದು ನಮಸ್ಕರಿಸಿತು, ಸಾಕ್ಷಿಗೆ ಸೀಲಿಂಗ್ ಫ್ಯಾನ್ ಇದೆ, ಇವತ್ತು ಪಾಸು ಮಾರದಿದ್ದರೆ ನಾಳೆಯಿಂದ ಬರಬೇಡ ಅಂದಿದ್ದಾರೆ ಮಾಲೀಕರು, ಸುರತ್ತಿನ ಮಹೇಶ್‌ಭಾಯ್, ಹಹ್, ನನಗೆ! ಸುರತ್ತಿನ ಪಟ್ಟಿಯೊಂದೇ ತೆಂಗಿನ ಮರ, ಉಳಿದೆರಡು ಗರಿಕೆ, ಜೋ, ಮಾರು ಸುರತ್, ಮಾಲೀಕರು ಹಿಗ್ಗಿದರು, ನಮ್ಮೂರ ಮಷೀನು ಹೇಗೆ ದುಡಿಯುತ್ತೆ ನೋಡು, ಬೆನ್ನಿಗೊಂದು ಗುದ್ದು, ಡಬ್ಬಿ ತೆರೆದರು, ಸುರತಿ ಸಿಹಿ, ತುಪ್ಪದಲ್ಲಿ ಮಿಂದೆದ್ದ ಘಾರಿ — ಫೋನು, ವಡೋದರಾದ ಸರ್ವರ್ ಕಾಯುವ ವಿಂಧ್ಯಾ, ಗದಗಿನವಳು, ಸ್ಪೀಕರಿನಲ್ಲೇ ಬೈಗುಳ, ಏನೋ ದೊಡ್ಡ ಮನಶ್ಯಾ, ನಂದು ನೊಣ ಹೊಡಕೋತ ಕುಂತೈತಿ, ಮಂದಿ ಎಲ್ಲೋ, ಬರ್ತಾರೆ ತಾಳು ಮಹಾರಾಯ್ತಿ ಎನ್ನುತ್ತಾ ನಾನೇ ಗಿರಾಕಿಯಂತೆ ಸೈಟಿನಲ್ಲಿ ಒಂದು ಪಾಸು ಕೇಳಿದೆ, ಬಿಳಿ ಪುಟ, ಕ್ಷಮಿಸಿ, ಆಮೇಲೆ ಪ್ರಯತ್ನಿಸಿ, ಬಂದದ್ದು ಸುರತ್ತಿನಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ, ಮತ್ತೆ ಕೇಳಿದೆ, ಮತ್ತೆ ಬಿಳಿ ಪುಟ, ಅಯ್ಯಯ್ಯೋ, ಪಾಸಿನ ಡೇಟಾಬೇಸಿನ ನಂಟು ಕಡಿದುಕೊಂಡ ಸುರತ್ ಬಂದವರನ್ನೆಲ್ಲ ಕ್ಷಮಿಸಿ ಎಂದು ಸಾಗಹಾಕುತ್ತಿದೆ, ಅದರ ಕೈ ಸದಾ ಖಾಲಿ, ಖಾಲಿಯೆಂದು ನನ್ನ ಸೂತ್ರ ಎಲ್ಲರನ್ನೂ ಅಲ್ಲಿಗೇ ಅಟ್ಟುತ್ತಿದೆ, ಒಂದು ಪಾಸೂ ಮಾರಾಟವಾಗಿಲ್ಲ, ಮಾಲೀಕರು ಸಿಹಿ ಹಂಚುತ್ತಿದ್ದಾರೆ, ಸಣ್ಣಪುಟ್ಟ ತಪ್ಪು ನನ್ನ ಕೈಯಲ್ಲಿ ಆಗುವುದೇ ಇಲ್ಲ, ಆಗುವುದಾದರೆ ಹಿಮಾಲಯದಷ್ಟೇ ಆಗಬೇಕು — ಸುರತ್ತನ್ನು ಸಾಲಿನಿಂದ ಕಿತ್ತರೆ ಪಾಸು ಬಿಕರಿಯಾಗುತ್ತವೆ, ಆದರೆ ಅವರ ತೆಂಗಿನ ಮರವನ್ನು ಅವರ ಕಣ್ಣೆದುರೇ ಕಡಿಯಬೇಕು, ವಿವರಿಸುತ್ತಾ ಕೂತರೆ ಗಿರಾಕಿಗಳು ಮನೆಗೆ, ಬಾಯಿ ತೆರೆ ಸುಧನ್ವಭಾಯ್, ಘಾರಿ ಹಿಡಿದ ಕೈ ಬರುತ್ತಿದೆ, ನನ್ನ ಬೆರಳು ಕೀಲಿಯ ಮೇಲೆ, ಒತ್ತಿದೆ, ಸುರತ್ ನೆಲಕ್ಕೆ, ಅರೇ, ಆ ಶು ಕರ್ಯು, ಏನು ಮಾಡಿಬಿಟ್ಟೆ, ಕೈ ಅಲ್ಲೇ ನಿಂತಿತು, ಗರಿಕೆಗಳೆರಡೂ ಮೈಮುರಿದು ಎದ್ದವು, ಬಂದ್ರೋ, ಮಂದಿ ಬಂದ್ರೋ, ಪಾಸ್ ಬಿಕ್ ರಹೇ ಹೈ ಮಹೇಶ್‌ಭಾಯ್, ವಿಂಧ್ಯಾ ಕೂಗಿದ್ದು ಫೋನಿಲ್ಲದೆಯೂ ಕೇಳಿಸುತ್ತಿತ್ತು, ಅವರ ಮೀಸೆ ಅಲುಗಿತು, ನಗುವೋ ಸಿಟ್ಟೋ, ನಾಳೆ ಬಾ ಅಂತಲೋ ಬರಬೇಡ ಅಂತಲೋ, ಕೈ ಮಾತ್ರ ಕದಲದು, ಘಾರಿ, ನನ್ನ ಬಾಯಿಗೂ ಅವರ ಬಾಯಿಗೂ ನಟ್ಟನಡುವೆ, ಅಂಚಿನಲ್ಲಿ ತುಪ್ಪದ ಹನಿ ತೂಗುತ್ತಾ, ಬೀಳದೆ, ನಾನು ಬಾಯಿ ತೆರೆದೇ ಇದ್ದೇನೆ, ಘಾರಿ, ಅಲ್ಲೇ, ಘಾರಿ —