ಬಿಸಿಗಾಳಿಯ ಪೈಪು

ವೈಟ್‌ಫೀಲ್ಡ್ ದಾಟಿ ಹೊಸಕೋಟೆಯ ಕಡೆ ಹೋಗುವಾಗ ಕೆರೆಯೊಂದರ ಪಕ್ಕದ ಜಮೀನನ್ನು ಗುತ್ತಿಗೆಗೆ ಹಿಡಿದು ಶಿವರಾಜ್ ಎಂಬಾತ ಕ್ವಾಡ್ ಬೈಕುಗಳ ಮೈದಾನ ನಡೆಸುತ್ತಿದ್ದ. ನಾಲ್ಕು ದಪ್ಪ ಚಕ್ರದ ಆ ಗಾಡಿಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಓಡಿಸಲು ಟೆಕ್ ಪಾರ್ಕುಗಳ ಮಂದಿ ಕ್ಯಾಬು ಮಾಡಿಕೊಂಡು ಬರುತ್ತಿದ್ದರು. ಬೆಳಗಿನ ಮೊದಲ ಬ್ಯಾಚಿಗೇ ನೂಕುನುಗ್ಗಲು. ಆಮೇಲೆ ಅವರಿಗೆ ಆಫೀಸು.

ಯಮನೂರ ಅಲ್ಲಿನ ಮೆಕ್ಯಾನಿಕ್. ಅವನನ್ನು ಕೆಲಸಕ್ಕೆ ಸೇರಿಸಿದವನು ಕೊಟ್ರಪ್ಪ. ಇಬ್ಬರೂ ಕುಷ್ಟಗಿ ಕಡೆಯ ಒಂದೇ ಊರಿನವರು. ಯಮನೂರ ಕೈಯಲ್ಲೊಂದು ಚೀಲ ಹಿಡಿದು ಬೆಂಗಳೂರಿಗೆ ಬಂದಿಳಿದಾಗ ಕೊಟ್ರಪ್ಪ ದೊಡ್ಡನೆಕ್ಕುಂದಿಯ ತನ್ನ ಒಂಟಿ ಕೋಣೆಯಲ್ಲೇ ಅವನಿಗೆ ಜಾಗ ಮಾಡಿಕೊಟ್ಟಿದ್ದ. ಕೊಟ್ರಪ್ಪನ ಹೆಂಡತಿ ಮಲಕವ್ವ ಒಲೆಯಿಂದ ಇಳಿದ ಮೊದಲ ರೊಟ್ಟಿಯನ್ನು ಗಂಡನಿಗಲ್ಲ, ಇವನ ತಾಟಿಗೆ ಹಾಕುತ್ತಿದ್ದಳು. ಬಂಕಿನಿಂದ ಕ್ಯಾನುಗಳಲ್ಲಿ ಪೆಟ್ರೋಲ್ ತಂದು ಗಾಡಿಗಳಿಗೆ ತುಂಬುವುದು, ಧೂಳು ಏಳದಂತೆ ಮೈದಾನಕ್ಕೆ ನೀರು ಹೊಡೆಯುವುದು ಕೊಟ್ರಪ್ಪನ ಕೆಲಸ.

ಆ ಬೇಸಿಗೆಯಲ್ಲಿ ಗಾಡಿಗಳು ದಿಬ್ಬ ಹತ್ತುವಾಗ ಏದುಸಿರು ಬಿಡುತ್ತಿವೆ ಎಂದು ಗಿರಾಕಿಗಳು ದೂರಿದರು. ಯಮನೂರ ನೋಡಿದ. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಒಂದು ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸೈಲೆನ್ಸರಿನ ಬಿಸಿಯ ಹತ್ತಿರ ತಂದು ನಿಲ್ಲಿಸಿದ್ದರು. ಸುಡುವ ಬಿಸಿಲಿನಲ್ಲಿ ಬಿಸಿಗಾಳಿಯನ್ನೇ ಕುಡಿಸುವುದು ಯಾವ ಬುದ್ಧಿ ಎಂದುಕೊಂಡು ಅಷ್ಟೂ ಗಾಡಿಗಳ ಪೈಪು ಬಿಚ್ಚಿ ಗುಜರಿಗೆ ಎಸೆದ. ಗಾಡಿಗಳು ಚುರುಕಾದವು. ಶಿವರಾಜ್ ಎಲ್ಲರೆದುರು ಅವನ ಬೆನ್ನು ತಟ್ಟಿದ.

ಡಿಸೆಂಬರಿನಲ್ಲಿ ಕೆರೆಯ ಕಡೆಯಿಂದ ಮಂಜು ಕವಿಯತೊಡಗಿತು. ಬೆಳಗಿನ ಬ್ಯಾಚಿನ ಗಾಡಿಗಳು ಸ್ವಲ್ಪ ದೂರ ನಿಧಾನಕ್ಕೆ ಓಡಿ, ಕೆಮ್ಮಿ, ನಿಂತುಬಿಡುತ್ತಿದ್ದವು. ತಳ್ಳಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದರೆ, ಒಂದು ಚಹಾ ಕುಡಿಯುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿದ್ದವು. ಯಮನೂರ ಪ್ಲಗ್ ಬದಲಿಸಿದ, ಫಿಲ್ಟರ್ ತೊಳೆದ. ರೋಗ ಬಿಡಲಿಲ್ಲ.

ಒಂದು ಬೆಳಿಗ್ಗೆ ದಿಬ್ಬದ ಇಳಿಜಾರಿನಲ್ಲಿ ಒಂದು ಗಾಡಿ ಹಾಗೇ ನಿಂತಿತು. ಮಂಜಿನಲ್ಲಿ ಹಿಂದಿನವನಿಗೆ ಕಾಣಲಿಲ್ಲ, ಬಂದು ಗುದ್ದಿದ. ಮುಂದಿನ ಗಾಡಿಯಲ್ಲಿದ್ದ ಹೆಂಗಸಿನ ಮುಂಗೈ ಮುರಿಯಿತು. ಅವಳನ್ನು ಆಸ್ಪತ್ರೆಗೆ ಕಳಿಸಿ ಬಂದ ಶಿವರಾಜ್, ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಯಮನೂರನ ತಲೆಯ ಮೇಲೆ ನಿಂತ.

"ಏನಾಗಿದೆ ಹೇಳು. ಅವರ ಮನೆಯವರಿಗೆ ಉತ್ತರ ಕೊಡ್ಬೇಕು ನಾನು."

ಪೈಪಿಲ್ಲದೆ ಬೋಳಾಗಿದ್ದ ಗಾಳಿಯ ಬಾಯಿ ಯಮನೂರನ ಕಣ್ಣಿಗೆ ಬಿತ್ತು. ಬೇಸಿಗೆಯಲ್ಲಿ ತಾನೇ ಬಿಚ್ಚಿ ಎಸೆದದ್ದು ನೆನಪಾಯಿತು. ಅಷ್ಟರಲ್ಲಿ ಅವನು ಬಿಚ್ಚಿದ್ದ, ಪೆಟ್ರೋಲೂ ಗಾಳಿಯೂ ಬೆರೆಯುವ ಕಾರ್ಬುರೇಟರಿನಿಂದ ನೀರಿನ ಹನಿಗಳು ಜಾರಿ ಅಂಗೈಗೆ ಬಿದ್ದವು. ಸದ್ಯ, ಬದುಕಿಕೊಂಡೆ ಅನ್ನಿಸಿತು.

"ನೀರು ಸರ್. ಪೆಟ್ರೋಲ್‌ನಾಗ ನೀರು ಸೇರೇತಿ."

ಯಾರು ಸೇರಿಸಿದರೆಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪೆಟ್ರೋಲ್ ಕ್ಯಾನು ಮುಟ್ಟುತ್ತಿದ್ದವನು ಅಲ್ಲಿ ಒಬ್ಬನೇ.

ಕೊಟ್ರಪ್ಪನನ್ನು ಕರೆಸಿದರು. ಪೆಟ್ರೋಲ್ ಮಾರಿಕೊಂಡು ನೀರು ತುಂಬುತ್ತೀಯಾ ಎಂದು ಶಿವರಾಜ್ ಕೇಳಿದಾಗ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಯಮನೂರನ ಕಡೆ ತಿರುಗಿದ.

"ನೀ ಹೇಳೋ ತಮ್ಮಾ. ನಾ ಅಂಥಾ ಕೆಲಸ ಮಾಡಾವೇನು?"

"ನೀರಂತೂ ಐತಿ ಅಣ್ಣ," ಎಂದ ಯಮನೂರ, ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ.

ಕೊಟ್ರಪ್ಪ ಅಂದೇ ಹೊರಬಿದ್ದ. ಸುತ್ತಮುತ್ತಲ ರೆಸಾರ್ಟುಗಳವರಿಗೆಲ್ಲ ಶಿವರಾಜ್ ಫೋನು ಮಾಡಿದ್ದರಿಂದ ಆ ಕಡೆ ಯಾರೂ ಅವನನ್ನು ಗೇಟಿನೊಳಗೆ ಬಿಟ್ಟುಕೊಳ್ಳಲಿಲ್ಲ. ವಠಾರದಲ್ಲೂ ಸುದ್ದಿ ಹಬ್ಬಿತು. ನಲ್ಲಿಯ ಹತ್ತಿರ ಮಲಕವ್ವ ಬಂದರೆ ಮಾತು ನಿಲ್ಲುತ್ತಿತ್ತು. ತಿಂಗಳು ತುಂಬುವ ಮೊದಲೇ ಗಂಡ ಹೆಂಡತಿ ಗಂಟುಮೂಟೆ ಕಟ್ಟಿ ಸಿಂಗಸಂದ್ರಕ್ಕೆ ಗಾರೆ ಕೆಲಸಕ್ಕೆ ಹೋದರು. ಆಗಲೇ ಅದೇ ವಠಾರದಲ್ಲಿ ಬೇರೆ ಕೋಣೆ ಮಾಡಿಕೊಂಡಿದ್ದ ಯಮನೂರ ಆ ಹೊತ್ತಿಗೆ ಮನೆಯಲ್ಲಿರದಂತೆ ನೋಡಿಕೊಂಡ.

ಆಮೇಲೆ ಶಿವರಾಜ್ ತಾನೇ ಬಂಕಿಗೆ ಹೋಗಿ, ಕಣ್ಣೆದುರೇ ಹಾಕಿಸಿಕೊಂಡು ಬಂದು ಪೆಟ್ರೋಲ್ ತುಂಬಿಸಿದ. ಗಾಡಿಗಳು ಮತ್ತೆ ನಿಂತವು.

ದೋಷ ಪೆಟ್ರೋಲಿನದಲ್ಲವೆಂದು ಯಮನೂರನಿಗೆ ತಿಳಿಯಿತು. ಜನವರಿಯ ಒಂದು ಬೆಳಿಗ್ಗೆ ಗಾಡಿ ನಿಂತ ಕೂಡಲೇ, ಶೆಡ್ಡಿಗೆ ತಳ್ಳದೆ, ಅಲ್ಲೇ ಮಂಜಿನಲ್ಲಿ ಕೂತು ಕಾರ್ಬುರೇಟರ್ ಮುಟ್ಟಿದ. ಪಕ್ಕದ ಎಂಜಿನ್ ಕೈ ಸುಡುವಷ್ಟು ಬಿಸಿ. ಇದು ಮಾತ್ರ ಕೊರೆಯುವಷ್ಟು ತಣ್ಣಗೆ. ಬಿಚ್ಚಿದರೆ ಒಳಗಿನ ತಗಡಿನ ಸುತ್ತ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅವನು ನೋಡುತ್ತಿದ್ದಂತೆಯೇ ಅದು ಕರಗಿ ಹನಿಹನಿಯಾಗಿ ಅಂಗೈಗೆ ಇಳಿಯಿತು.

ಪೆಟ್ರೋಲ್ ಕೈಗೆ ಸೋಕಿದರೆ ಜುಮ್ಮೆಂದು ತಂಪಾಗುವುದು ಅವನಿಗೆ ಹೊಸದಲ್ಲ. ಒಳಗೂ ಅಷ್ಟೇ, ಪೆಟ್ರೋಲ್ ಆವಿಯಾಗುತ್ತ ಶಾಖ ಹೀರಿಕೊಂಡು, ಕೆರೆಯ ಒದ್ದೆ ಗಾಳಿಯ ನೀರನ್ನು ಅಲ್ಲೇ ಹೆಪ್ಪುಗಟ್ಟಿಸುತ್ತಿತ್ತು. ಗಾಳಿಯ ದಾರಿ ಕಟ್ಟಿ ಎಂಜಿನ್ ಸಾಯುತ್ತಿತ್ತು. ಗಡ್ಡೆ ಕರಗಿದರೆ ಮತ್ತೆ ಬದುಕುತ್ತಿತ್ತು. ಆ ಪೈಪನ್ನು ಹಾಕಿದ್ದೇ ಇದಕ್ಕೆ. ಖಚಿತವಾಗಲೆಂದು ಹೊಸ ಪೈಪು ತಂದು ಒಂದೇ ಒಂದು ಗಾಡಿಗೆ ಹಾಕಿದ. ಮರುದಿನ ಉಳಿದವೆಲ್ಲ ನಿಂತವು, ಅದೊಂದು ನಿಲ್ಲದೆ ಓಡಿತು.

ಅವನು ಶಿವರಾಜ್‌ಗೆ ಹೇಳಿದ, ಕೊಟ್ರಪ್ಪನದೇನೂ ತಪ್ಪಿಲ್ಲವೆಂದೂ ಹೇಳಿದ. ಶಿವರಾಜ್ ಪೂರ್ತಿ ಕೇಳಿಸಿಕೊಂಡ.

"ಎಲ್ಲಾ ಗಾಡಿಗೂ ಹಾಕ್ಬಿಡು. ಚಳಿಗಾಲ ಮುಗಿಯೋವರೆಗೂ ಬಿಚ್ಬೇಡ."

"ಕೊಟ್ರಣ್ಣ ಸರ್?"

"ಪೆಟ್ರೋಲ್ ಕಳ್ಳ ಇದ್ದ, ತೆಗೆದುಹಾಕಿದೀವಿ ಅಂತ ಆ ಹೆಂಗಸಿನ ಮನೆಯವರಿಗೆ ಹೇಳಾಗಿದೆ. ಈಗ ಗಾಡಿದೇ ದೋಷ ಅಂದ್ರೆ ಸುಮ್ನಿರ್ತಾರಾ? ಬಿಡಪ್ಪ. ಅವನಿಗೆ ಎಲ್ಲೋ ಒಂದ್ಕಡೆ ಕೆಲಸ ಸಿಕ್ಕಿರುತ್ತೆ."

ಭಾನುವಾರ ಯಮನೂರ ಸಿಂಗಸಂದ್ರಕ್ಕೆ ಹೋದ. ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳು. ಕೊಟ್ರಪ್ಪ ಹೊಸ್ತಿಲ ಮೇಲೆ ಕೂತು ಸಿಮೆಂಟಿಗೆ ಒಡೆದ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಇವನನ್ನು ಕಂಡೂ ಕೈ ನಿಲ್ಲಿಸಲಿಲ್ಲ. ಯಮನೂರ ನಿಂತೇ ಎಲ್ಲ ಹೇಳಿದ. ಪೈಪಿನ ಮಾತೊಂದನ್ನು ಬಿಟ್ಟು.

"ಮಂಜುಗಡ್ಡಿ," ಎಂದ ಕೊಟ್ರಪ್ಪ. "ಬೆಂಗಳೂರಾಗ. ಸುಡೋ ಎಂಜಿನ್ ಬಾಜೂಕ." ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ಒಂದ್ ಸುಳ್ಳು ಮುಚ್ಚಾಕ ಇನ್ನೊಂದ್ ಹೊತ್ಕೊಂಡ್ ಬಂದಾನ."

"ದೇವರಾಣೆ ಖರೇ ಅಣ್ಣ. ಚಳಿದೇ ತಪ್ಪು."

"ಹೋದ ವರ್ಷ ಚಳಿ ಇರಲಿಲ್ಲೇನು?"

ಕೊಟ್ರಪ್ಪ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ನೋಡನೋಡುತ್ತ ಅವನಿಗೆ ಹೊಳೆಯಿತು.

"ಬ್ಯಾಸಿಗ್ಯಾಗ ಏನೋ ಪೈಪ್ ಬಿಚ್ಚಿ ಒಗದಿದ್ದೆಲ್ಲ ನೀನು."

"ಹೌದು."

"ಸಾಹೇಬನ ಮುಂದ ನಾ ಕೇಳಿದಾಗ, ಅದು ನೆನಪಾಗಲಿಲ್ಲೇನು ನಿನಗ?"

ಇಲ್ಲ ಎನ್ನಬಹುದಿತ್ತು. ಹಾಗೆ ಹೇಳಬೇಕೆಂದೇ ಅವನು ಬಾಯಿ ತೆರೆದ.

"ಆಗಿತ್ತು ಅಣ್ಣ."

ಕೊಟ್ರಪ್ಪ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಲಕವ್ವ ಚಹಾ ತಂದು ನೆಲದ ಮೇಲಿಟ್ಟಳು.

"ಕುಡದು ಹೋಗು," ಎಂದಳು. "ನಮ್ಮ ಮನಿಗೆ ಬಂದವ್ರು ಹಂಗ ಹೋಗಬಾರದು. ಆದ್ರ ಇನ್ನ ಬರಬ್ಯಾಡ."

ಅವನು ಕುಡಿದ. ಬಾಯಿ ಸುಟ್ಟರೂ ನಿಲ್ಲಿಸದೆ ಕುಡಿದು ಎದ್ದ.

ಆ ಚಳಿಗಾಲದಲ್ಲಿ ಮತ್ತೆ ಯಾವ ಗಾಡಿಯೂ ನಿಲ್ಲಲಿಲ್ಲ. ಚಳಿಗೆ ನಿಲ್ಲುವ ಗಾಡಿಯ ಮರ್ಮ ಕಂಡುಹಿಡಿದವನು ಎಂದು ಶಿವರಾಜ್ ಯಮನೂರನ ಹೆಸರನ್ನು ಬೇರೆ ಮೈದಾನದವರಿಗೂ ಹೇಳಿದ. ನಂದಿ ಬೆಟ್ಟದ ಕಡೆಯಿಂದಲೂ ಅವನಿಗೆ ಕರೆಗಳು ಬಂದವು. ಊರಿನಿಂದ ಅವ್ವ ಮಾತ್ರ ಫೋನು ಮಾಡುವುದನ್ನು ಕಡಿಮೆ ಮಾಡಿದಳು. ಮಾಡಿದರೂ ಮಳೆ, ಬೆಳೆ ಎಂದು ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಕೊಟ್ರಪ್ಪ ಹೇಗಿದ್ದಾನೆಂದು ಅವಳು ಒಮ್ಮೆಯೂ ಕೇಳಲಿಲ್ಲ. ಅದರಿಂದಲೇ, ಊರಿಗೆ ಎಲ್ಲ ತಿಳಿದಿದೆ ಎಂದು ಅವನಿಗೆ ಗೊತ್ತಾಯಿತು.