ಧೂಳು ಹೋಗದ ಡಬ್ಬಿ

"ಒಳಗ ಧೂಳು ಹೋಗ್ತೈತೋ ಇಲ್ಲೋ, ಅದೊಂದು ಹೇಳ್ರಿ ಸಾವ್ಕಾರ್ರ. ಉಳಿದಿದ್ದು ನನಗ ತಿಳಿಯಂಗಿಲ್ಲ," ಎಂದು ಪಕ್ಕೀರಪ್ಪ ಮೂರೂ ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕನ್ನಡಕದ ಗಾಜನ್ನು ಅಂಗಿಯ ತುದಿಗೆ ಒರೆಸಿದ. ಒರೆಸಿದಷ್ಟೂ ಗಾಜು ಕೆಂಪಗಾಯಿತು.

ಒಂದೊಂದು ಹಾಳೆಯಲ್ಲಿ ಒಂದೊಂದು ಕಪ್ಪು ಡಬ್ಬಿಯ ಚಿತ್ರವಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ, ಗ್ಲೈಡಿಂಗ್ ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದ ಮಲ್ಲಿಕಾರ್ಜುನ್ ಅವನ್ನು ಗಿರಣಿಯ ಆಫೀಸಿನಲ್ಲೇ ಪ್ರಿಂಟ್ ತೆಗೆದು ತಂದಿದ್ದ. ಎಂಜಿನ್ ಇಲ್ಲದ ವಿಮಾನದಲ್ಲಿ ಕೂತು ಎಲ್ಲಿಗೋ ಹೋಗಿ ಇಳಿದು, ನಾನು ಇಷ್ಟು ದೂರ ಹಾರಿದೆ ಎಂದರೆ ನಂಬುವವರು ಯಾರು? ಈ ಡಬ್ಬಿ ಜೊತೆಗಿದ್ದರೆ ಉಪಗ್ರಹಗಳನ್ನು ಕೇಳಿಕೊಂಡು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಕ್ಷಣಕ್ಷಣಕ್ಕೂ ಬರೆದಿಡುತ್ತದೆ. ಆ ಬರಹವಿದ್ದರೆ ಸರ್ಟಿಫಿಕೇಟ್. ಇಲ್ಲದಿದ್ದರೆ ಹಾರಿದ್ದೂ ಒಂದೇ, ಮನೆಯಲ್ಲಿ ಮಲಗಿದ್ದೂ ಒಂದೇ.

ಸರ್ಟಿಫಿಕೇಟ್ ಬೇಕಾಗಿದ್ದದ್ದು ಶಿಲ್ಪಶ್ರೀಗೆ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹುಡುಗಿ, ಕಾಲುವೆ ಆಫೀಸಿನ ಜೀಪ್ ಡ್ರೈವರನ ಮಗಳು. ಹೊರರಾಜ್ಯದ ಒಂದು ತರಬೇತಿ ಕೇಂದ್ರದಲ್ಲಿ ವರ್ಷಕ್ಕೆ ಇಬ್ಬರನ್ನು ಗ್ಲೈಡರ್ ಕಲಿಸುವ ಶಿಕ್ಷಕರಾಗಿ ತಯಾರು ಮಾಡುತ್ತಿದ್ದರು. ಒಬ್ಬರೇ ಕೂತು ಐವತ್ತು ಕಿಲೋಮೀಟರ್ ಹಾರಿದ ಸರ್ಟಿಫಿಕೇಟ್ ಇರಬೇಕು, ಇಪ್ಪತ್ತೈದು ತುಂಬಿರಬಾರದು, ಅರ್ಜಿ ಮಾರ್ಚ್ ಮೂವತ್ತೊಂದರೊಳಗೆ ತಲುಪಬೇಕು. ಅವಳಿಗೆ ಏಪ್ರಿಲ್ ಒಂಬತ್ತಕ್ಕೆ ಇಪ್ಪತ್ತೈದು ತುಂಬುತ್ತಿತ್ತು.

ಇನ್ನೊಂದು ಗಡುವೂ ಇತ್ತು. ಮರಿಯಮ್ಮನಹಳ್ಳಿಯಿಂದ ಸಂಡೂರಿನ ಗುಡ್ಡಗಳ ಕಡೆಗೆ ಹೊರಟರೆ ಸಿಗುವ ಈ ರನ್‌ವೇ, ಗಣಿ ಜೋರಾಗಿದ್ದ ಕಾಲದಲ್ಲಿ ಮಾಲೀಕರ ಪುಟ್ಟ ವಿಮಾನ ಇಳಿಯಲೆಂದು ಮಾಡಿದ್ದು. ಗಣಿ ನಿಂತಿತು, ರನ್‌ವೇ ಮೇಲೆ ಜಾಲಿ ಬೆಳೆಯಿತು. ಜಾಲಿ ಕಡಿದು ಹನ್ನೊಂದು ಜನ ಕ್ಲಬ್ ಕಟ್ಟಿದರು. ಈಗ ಗಣಿ ಮತ್ತೆ ಶುರುವಾಗಿತ್ತು. ಏಪ್ರಿಲ್ ಒಂದರಿಂದ ಇಲ್ಲಿ ಅದಿರು ಸುರಿಯುತ್ತೇವೆ, ಜಾಗ ಖಾಲಿ ಮಾಡಿ ಎಂದು ಕಂಪನಿಯ ಕಾಗದ ಬಂದಿತ್ತು. ಹಾಗಾಗಿ ಶಿಲ್ಪಶ್ರೀಗೆ ಉಳಿದಿದ್ದದ್ದು ಮಾರ್ಚ್ ಮುಗಿಯುವ ತನಕ ಮಾತ್ರ.

"ಮೊದಲನೇದು ಬಿಡ್ರಿ, ಅದು ನಮ್ಮ ಕೈಗೆಟುಕಂಗಿಲ್ಲ," ಎಂದ ಮಲ್ಲಿಕಾರ್ಜುನ್. "ಎರಡನೇದು ಪೂರಾ ಸೀಲ್ ಮಾಡಿದ್ದು, ಎಲ್ಲಾ ಸರ್ಟಿಫಿಕೇಟಿಗೂ ನಡೀತೈತಿ. ಮೂರನೇದು ಎಲ್ಲಕ್ಕಿಂತ ಅಗ್ಗ. ದೊಡ್ಡ ಸರ್ಟಿಫಿಕೇಟಿಗೆ ನಡೆಯಂಗಿಲ್ಲ, ಆದ್ರ ಐವತ್ತು ಕಿಲೋಮೀಟರಿಗೆ ಒಪ್ತಾರ. ನನಗೇನೋ ಇದ ಸಾಕು ಅನಸ್ತೈತಿ, ಪಕ್ಕೀರಣ್ಣ."

ಪಕ್ಕೀರಪ್ಪ ಮೂರನೆಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದ. "ಇದಕ್ಕ ಮೂರು ತೂತು ಅದಾವ್ರಿ."

"ಒಂದು ಕಾರ್ಡ್ ಹಾಕಾಕ, ಎರಡು ವೈರಿಗೆ."

"ಯಾತಕ್ಕಾದ್ರೂ ಇರ್ಲಿ. ತೂತು ತೂತ ಅಲ್ಲೇನ್ರಿ? ಹದಿನೈದು ದಿನ ಇಲ್ಲಿಟ್ರ ಒಳಗ ಅರ್ಧ ಪಾವು ಅದಿರು ಕುಂದ್ರತೈತಿ."

ಯಾರೂ ನಗಲಿಲ್ಲ. ಆ ಸೀಮೆಯ ಕೆಂಪು ಧೂಳಿನ ಬಗ್ಗೆ ಅಲ್ಲಿ ಯಾರಿಗೂ ತಮಾಷೆ ಉಳಿದಿರಲಿಲ್ಲ. ಬೀಗ ಹಾಕಿದ ಟ್ರಂಕಿನೊಳಗಿನ ಮದುವೆ ಸೀರೆಗೂ ಅದು ಹತ್ತುತ್ತಿತ್ತು. ಹಿಂದಿನ ವರ್ಷ ಡಬ್ಬದಿಂದ ಆಗಷ್ಟೇ ತೆಗೆದು ಕೂರಿಸಿದ್ದ ಎತ್ತರ ತೋರಿಸುವ ಮೀಟರಿನ ಮುಳ್ಳು ಅದೇ ಧೂಳಿಗೆ ಸಿಕ್ಕಿ ನಿಂತುಬಿಟ್ಟಿತ್ತು. ಅದನ್ನು ನಂಬಿ ಇಳಿಯಲು ಹೋದ ಕ್ಲಬ್ಬಿನ ಹುಡುಗ ವೀರೇಶ್ ಜಾಲಿ ಮುಳ್ಳಿನಲ್ಲಿ ಬಿದ್ದು ಕಾಲು ಮುರಿದುಕೊಂಡ. ಪಕ್ಕೀರಪ್ಪ ಊರಿಗೆ ಹೋಗಿದ್ದ ವಾರದಲ್ಲಿ ಆ ಮೀಟರನ್ನು ಬೇರೆ ಯಾರೋ ಕೂರಿಸಿದ್ದರು. ಇದು ಅವನಿಗೂ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಅಂದಿನಿಂದ ಯಂತ್ರದ ಮಾತು ಬಂದರೆ ಎಲ್ಲರೂ ಅವನ ಮುಖ ನೋಡುತ್ತಿದ್ದರು.

"ಮಾಮ ಹೇಳಿದ್ದ ತರಿಸ್ರಿ ಸರ್," ಎಂದಳು ಶಿಲ್ಪಶ್ರೀ. ಅಲ್ಲಿಗೆ ಮಾತು ಮುಗಿಯಿತು, ಎರಡನೆಯ ಡಬ್ಬಿಗೆ ಹೇಳಿ ಕಳಿಸಿದರು.

ಡಬ್ಬಿ ಬಂದದ್ದು ಫೆಬ್ರವರಿ ಕೊನೆಯಲ್ಲಿ. ಅಂಗೈಯಷ್ಟಿತ್ತು. ಮಲ್ಲಿಕಾರ್ಜುನ್ ಅದನ್ನು ನೇರವಾಗಿ ಪಕ್ಕೀರಪ್ಪನ ಕೈಗೆ ಕೊಟ್ಟು, "ಕೂಡ್ರಿಸಿಬಿಡು ಪಕ್ಕೀರಣ್ಣ," ಎಂದ. ಪಕ್ಕೀರಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದ.

ಅವನು ಸಂಡೂರಿನ ಗಣಿ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಡಂಪರ್ ಮೆಕ್ಯಾನಿಕ್ ಆಗಿದ್ದವನು. ಈಗ ಕ್ಲಬ್ಬಿನ ವಿಂಚ್, ಅಂದರೆ ಉದ್ದ ತಂತಿ ಸುತ್ತಿ ಗ್ಲೈಡರನ್ನು ಗಾಳಿಪಟದಂತೆ ಮೇಲಕ್ಕೆಳೆಯುವ ಯಂತ್ರ, ಅವನದೇ ಕೈಯಲ್ಲಿತ್ತು. ಆ ವರ್ಕ್‌ಶಾಪಿನಲ್ಲಿ ಒಂದು ರೂಢಿಯಿತ್ತು. ಹೊಸ ಸಾಮಾನು ಯಾವ ದೇಶದಿಂದ ಬಂದಿರಲಿ, ಬಿಚ್ಚಿ, ಊದಿ, ಅಂಚಿಗೆ ಸಿಲಿಕಾನ್ ಹಚ್ಚಿ ಮುಚ್ಚದೆ ಗಾಡಿಗೆ ಏರಿಸುವ ಹಾಗಿಲ್ಲ. ಕಂಪನಿಯವರು ತಮ್ಮ ಊರಿನ ಧೂಳಿಗೆ ಮಾಡಿರುತ್ತಾರೆ, ನಮ್ಮ ಧೂಳಿಗಲ್ಲ. ಹೀಗೆ ಬಿಚ್ಚಿ ಮುಚ್ಚಿದ್ದ ಯಾವ ಸಾಮಾನೂ ಅವನ ಕೈಯಲ್ಲಿ ಕೆಟ್ಟದ್ದಿಲ್ಲ.

ಡಬ್ಬಿಯ ಕೂಡಿಕೆಯ ಮೇಲೆ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇತ್ತು, ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವ ಇಂಥ ಸ್ಟಿಕ್ಕರುಗಳನ್ನು ಅವನು ನೂರಾರು ನೋಡಿದ್ದ. ಒಲೆಯ ಮೇಲೆ ಬ್ಲೇಡು ಬಿಸಿ ಮಾಡಿ, ಸ್ಟಿಕ್ಕರಿನ ಒಂದು ಎಳೆಯೂ ಹರಿಯದಂತೆ ಎಬ್ಬಿಸಿದ.

"ಹೊಸಾದು ಅಂತೀರಿ, ಬಂದ ದಿನಾನ ಹೊಟ್ಟಿ ಸೀಳಾಕ ಕುಂತೀರಲ್ಲ," ಎಂದಳು ಹೆಂಡತಿ ಎರ್ರಮ್ಮ, ರೊಟ್ಟಿ ಬಡಿಯುತ್ತ.

"ಆ ಹುಡುಗಿ ಜೀವಾನ ಇದರಾಗ ಐತಿ, ಸುಮ್ನಿರು," ಎಂದ.

ಮುಚ್ಚಳ ಎದ್ದಾಗ ಒಳಗೆ ಕಡಲೆಗಿಂತ ಸಣ್ಣದೊಂದು ಗುಂಡಿ ಟಕ್ ಎಂದು ಮೇಲೆ ಬಂತು. ಮುಚ್ಚಳ ಬಿಗಿಯಾಗಿ ಕೂರಲೆಂದು ಇಟ್ಟ ಸ್ಪ್ರಿಂಗ್ ಇರಬೇಕೆಂದುಕೊಂಡು ಅದನ್ನು ಮುಟ್ಟಲಿಲ್ಲ. ಒಳಗಿನ ಸರ್ಕ್ಯೂಟಿನ ಹಸಿರು ಹಲಗೆಯ ಮೇಲೆ ಮೆಲ್ಲಗೆ ಊದಿದ. ಅಂಚಿನ ಸುತ್ತ ದಾರದಷ್ಟು ತೆಳ್ಳಗೆ ಸಿಲಿಕಾನ್ ಎಳೆದು, ಮುಚ್ಚಿ, ಸ್ಟಿಕ್ಕರನ್ನು ಅದೇ ಜಾಗಕ್ಕೆ ಕೂರಿಸಿದ. ಚಾಲೂ ಮಾಡಿದರೆ ಪುಟ್ಟ ತೆರೆ ಬೆಳಗಿತು. ಆ ಕೆಲಸವನ್ನು ಅವನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಬೆಳಿಗ್ಗೆ ಮುಖ ತೊಳೆದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಎರಡು ಸಣ್ಣ ಹಾರಾಟದಲ್ಲಿ ಪರೀಕ್ಷಿಸಿದರು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಹಾರಿದ ದಾರಿಯ ಗೆರೆ ಚೆನ್ನಾಗಿಯೇ ಬಂದಿತ್ತು. ಡಬ್ಬಿಯ ಪುಟ್ಟ ತೆರೆಯ ಮೂಲೆಯಲ್ಲಿ ಒಂದು ಬೀಗದ ಚಿತ್ರ ಇರಬೇಕಿತ್ತಂತೆ. ಇರಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಇಲ್ಲ ಎಂದು ಯಾರಿಗೂ ಅನಿಸಲಿಲ್ಲ.

ಮಾರ್ಚ್ ತಿಂಗಳ ಎರಡನೆಯ ಭಾನುವಾರ ಸಂಡೂರು ಗುಡ್ಡದ ಮೇಲೆ ಬಿಳಿ ಮೋಡಗಳು ಒಳ್ಳೆಯ ಸಾಲಿನಲ್ಲಿ ನಿಂತಿದ್ದವು. ಪಕ್ಕೀರಪ್ಪ ಡಬ್ಬಿಯನ್ನು ಒರೆಸಿ ಸೀಟಿನ ಹಿಂದೆ ಕಟ್ಟಿದ, ವಿಂಚಿನಲ್ಲಿ ಕೂತು ಎಳೆದ. ತಂತಿ ಕಳಚಿಕೊಂಡ ಗ್ಲೈಡರ್ ಎರಡು ಸುತ್ತು ಹಾಕಿ, ಬಿಸಿಗಾಳಿ ಹಿಡಿದು, ಕಣ್ಣಿಗೆ ಅಕ್ಕಿಕಾಳಿನಷ್ಟಾಗಿ, ಹೊಸಪೇಟೆಯ ದಿಕ್ಕಿಗೆ ಹೋಯಿತು. ಎರಡು ಗಂಟೆ ಕಳೆದ ಮೇಲೆ ಅವನ ಫೋನ್ ರಿಂಗಾಯಿತು.

"ಮಾಮಾ, ಎಮ್ಮಿಗನೂರು ದಾಟಿ ಇಳಿದೀನಿ! ಐವತ್ತಮೂರು ಆಗೈತಿ!"

ಟ್ರೇಲರ್ ಕಟ್ಟಿಕೊಂಡು ಅವನೂ ಮಲ್ಲಿಕಾರ್ಜುನನೂ ಹೋದರು. ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟಿರಲಿಲ್ಲ. ಖಾಲಿ ಬಿದ್ದ ಭತ್ತದ ಗದ್ದೆಯ ನಡುವೆ ಗ್ಲೈಡರ್ ಒಂದು ರೆಕ್ಕೆ ನೆಲಕ್ಕೂರಿ ನಿಂತಿತ್ತು. ಸುತ್ತ ಊರೇ ನೆರೆದಿತ್ತು, ಮಧ್ಯೆ ಶಿಲ್ಪಶ್ರೀ ಯಾರೋ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಳು. ಪಕ್ಕೀರಪ್ಪನನ್ನು ಕಂಡವಳೇ ಲೋಟ ಕೆಳಗಿಟ್ಟು ಓಡಿಬಂದು ಅವನ ಕಾಲು ಮುಟ್ಟಿದಳು. ದಾರಿಯಲ್ಲಿ ಕಂಪ್ಲಿಯಲ್ಲಿ ಮಲ್ಲಿಕಾರ್ಜುನ್ ಎಲ್ಲರಿಗೂ ಒಗ್ಗರಣಿ ಮಿರ್ಚಿ ಕೊಡಿಸಿದ. ಆ ಸಂಜೆಯಷ್ಟು ಸಂತೋಷ ಪಕ್ಕೀರಪ್ಪನಿಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಡಬ್ಬಿಯ ಬರಹವನ್ನು ಸರ್ಟಿಫಿಕೇಟ್ ಕೊಡುವವರಿಗೆ ಕಳಿಸಿದ್ದಕ್ಕೆ ಉತ್ತರ ಬಂದದ್ದು ಮಾರ್ಚ್ ಇಪ್ಪತ್ತೈದರಂದು. ಮೂವರೂ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಸಾಮಾನು ಕಟ್ಟುತ್ತಿದ್ದರು. ಮಲ್ಲಿಕಾರ್ಜುನ್ ಫೋನಿನಲ್ಲಿ ಓದಿದ, ಮತ್ತೊಮ್ಮೆ ಓದಿದ, ಆಮೇಲೆ ತಗಡಿನ ಡಬ್ಬದ ಮೇಲೆ ಕೂತ.

"ದಾರಿ ಸರಿ ಐತಂತ. ದೂರ ಸರಿ ಐತಂತ. ಆದ್ರ ಡಬ್ಬಿ ಯಾರೋ ಬಿಚ್ಚ್ಯಾರ ಅಂತ ಡಬ್ಬಿನ ಹೇಳ್ತೈತಂತ. ಬಿಚ್ಚಿದ ಕೂಡ್ಲೇ ಒಳಗಿನ ಗುರುತು ತಾನಾಗೇ ಅಳಿಸಿ ಹೋಗ್ತೈತಂತ, ಯಾರೂ ಸುಳ್ಳು ಹಾರಾಟ ತೋರಿಸಬಾರದು ಅಂತ ಹಂಗ ಮಾಡ್ಯಾರ. ಒಪ್ಪಾಕ ಬರಂಗಿಲ್ಲ ಅಂತ ಬರದಾರ." ಅವನ ಮುಖ ಕೆಂಪೇರಿತು. "ಮಾರಿದವನು ಮೋಸ ಮಾಡ್ಯಾನ. ಯಾರೋ ಬಿಚ್ಚಿದ ಹಳೇ ಮಾಲು ನಮಗ ಹಾಕ್ಯಾನ. ಬಿಡಂಗಿಲ್ಲ ಅವನ್ನ, ಕೇಸ್ ಹಾಕ್ತೀನಿ."

ಟಕ್ ಎಂದು ಮೇಲೆ ಬಂದಿದ್ದ ಆ ಸಣ್ಣ ಗುಂಡಿ ಪಕ್ಕೀರಪ್ಪನ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಹಗ್ಗ ಜಾರಿತು. ಸುಮ್ಮನಿದ್ದುಬಿಟ್ಟರೆ ಆಗುತ್ತಿತ್ತು. ಸ್ಟಿಕ್ಕರ್ ಹೇಗೆ ಕೂರಿಸಿದ್ದನೆಂದರೆ ತಯಾರು ಮಾಡಿದವನೂ ಕಂಡುಹಿಡಿಯುತ್ತಿರಲಿಲ್ಲ. ತಪ್ಪು ಎಲ್ಲೋ ದೂರದ ಊರಿನ, ಮುಖ ಕಾಣದ ಒಬ್ಬನ ಮೇಲೆ ಹೋಗುತ್ತಿತ್ತು. ಶಿಲ್ಪಶ್ರೀ ಇನ್ನೂ ಮಲ್ಲಿಕಾರ್ಜುನನ ಫೋನನ್ನೇ ನೋಡುತ್ತಿದ್ದಳು.

"ಅವನಲ್ರಿ. ನಾನ ಬಿಚ್ಚೀನಿ," ಎಂದ.

ಶೆಡ್ಡಿನ ತಗಡು ಬಿಸಿಲಿಗೆ ಚಟ್ ಎಂದಿತು.

"ನೀನಾ? ಯಾಕ ಮಾಮ?" ಎಂದಳು ಶಿಲ್ಪಶ್ರೀ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು.

"ಧೂಳು ಹೋಗ್ತೈತಂತವ್ವಾ."

ಮಲ್ಲಿಕಾರ್ಜುನ್ ಎದ್ದು ನಿಂತ. "ಆ ಮೂರು ತೂತಿಂದರಾಗ ಇಂಥಾ ಗುರುತ ಇರಂಗಿಲ್ಲ, ಅದನ್ನ ತಂದಿದ್ರ ನೀನು ಹತ್ತು ಸಲ ಬಿಚ್ಚಿದ್ರೂ ನಡೀತಿತ್ತಲ್ಲೋ! ಅದನ್ನ ಬ್ಯಾಡ ಅಂದವನೂ ನೀನ, ಇದನ್ನ ಬಿಚ್ಚಿದವನೂ ನೀನ!" ಹನ್ನೆರಡು ವರ್ಷದಲ್ಲಿ ಅವನು ಒಮ್ಮೆಯೂ ಪಕ್ಕೀರಪ್ಪನನ್ನು ಅಣ್ಣ ಎನ್ನದೆ ಮಾತಾಡಿಸಿದ್ದಿಲ್ಲ. ಪಕ್ಕೀರಪ್ಪ ಬಗ್ಗಿ, ಜಾರಿದ್ದ ಹಗ್ಗ ಎತ್ತಿಕೊಂಡು ಮತ್ತೆ ಸಾಮಾನು ಕಟ್ಟತೊಡಗಿದ.

ಆಮೇಲಿನ ದಿನಗಳಲ್ಲಿ ಮಲ್ಲಿಕಾರ್ಜುನ್ ಫೋನ್ ಮಾಡದ ಕಡೆಯಿಲ್ಲ. ಡಬ್ಬಿಗೆ ಮತ್ತೆ ಗುರುತು ಹಾಕಿಸಲು ತಯಾರಾದ ದೇಶಕ್ಕೇ ಕಳಿಸಬೇಕು, ಏಳು ವಾರ. ಬೇರೆ ಕ್ಲಬ್ಬಿನ ಡಬ್ಬಿ ಕಡ ಕೇಳಿದರೆ, ಅವರಲ್ಲಿದ್ದ ಒಂದೇ ಡಬ್ಬಿಯೂ ಹಾರಾಟಕ್ಕೆ ಹೋಗಿತ್ತು. ಬಂದಿದ್ದರೂ ಏನು ಮಾಡುವುದು? ಇಪ್ಪತ್ತಾರರಿಂದ ಆಕಾಶಕ್ಕೆ ಮಬ್ಬು ಕವಿದು, ಗ್ಲೈಡರ್ ಎತ್ತುವ ಬಿಸಿಗಾಳಿಯೇ ಏಳಲಿಲ್ಲ. ತರಬೇತಿ ಕೇಂದ್ರದವರು ಬಹಳ ಮರ್ಯಾದೆಯಿಂದ ಮಾತಾಡಿ, ಮುಂದಿನ ವರ್ಷ ಅರ್ಜಿ ಹಾಕಿ ಎಂದರು. ಮುಂದಿನ ವರ್ಷ ಅವಳ ವಯಸ್ಸು ಎಷ್ಟಾಗುತ್ತದೆಂದು ಅವರು ಲೆಕ್ಕ ಹಾಕಿರಲಿಲ್ಲ.

ಪಕ್ಕೀರಪ್ಪ ಒಂದು ದಿನ ಡ್ಯಾಂ ಕ್ವಾರ್ಟರ್ಸಿನ ತನಕ ಬಸ್ಸಿನಲ್ಲಿ ಹೋದ. ಬಾಗಿಲಲ್ಲಿ ಅವಳ ತಾಯಿ ಪಂಪಮ್ಮ ನಿಂತಿದ್ದಳು. "ಬರ್ರಿ, ಕುಂದ್ರಿ, ಚಾ ಕುಡೀರಿ," ಎಂದಳು. ಬೈದಿದ್ದರೆ ಕೂರುತ್ತಿದ್ದ. ಇಲ್ಲೇ ಕೆಲಸವಿತ್ತು, ಹೋಗುತ್ತೇನೆ ಎಂದು ಅದೇ ಬಸ್ಸಿಗೆ ಹತ್ತಿ ವಾಪಸ್ಸು ಬಂದ.

ಮೂವತ್ತೊಂದರಂದು ಮಧ್ಯಾಹ್ನ ಗ್ಲೈಡರಿನ ರೆಕ್ಕೆ ಬಿಚ್ಚಿ ಟ್ರೇಲರಿಗೆ ತುಂಬಿದರು. ಎಲ್ಲಿಯೋ ಒಂದು ಕಾಲೇಜಿನವರು ಅದನ್ನು ಅಂಗಳದಲ್ಲಿ ನಿಲ್ಲಿಸಲು ಕೊಂಡಿದ್ದರು. ಶಿಲ್ಪಶ್ರೀ ಬರುವುದಿಲ್ಲ ಎಂದುಕೊಂಡಿದ್ದರು. ಬಂದಳು. ರೆಕ್ಕೆಯ ತುದಿ ಹಿಡಿದು ಟ್ರೇಲರಿಗೆ ಏರಿಸಿಯೂ ಕೊಟ್ಟಳು. ಕಂಪನಿಯವರು ನಾಳೆ ತನಕ ಕಾಯಲಿಲ್ಲ, ರನ್‌ವೇಯ ಆಚೆ ತುದಿಯಲ್ಲಿ ಟಿಪ್ಪರುಗಳು ಆಗಲೇ ಸಾಲುಗಟ್ಟಿದ್ದವು.

ಮಲ್ಲಿಕಾರ್ಜುನ್ ಟ್ರೇಲರಿನ ಜೊತೆ ಹೋದ. ಶೆಡ್ಡಿನ ಮುಂದೆ ಇಬ್ಬರೇ ಉಳಿದರು. ಪಕ್ಕೀರಪ್ಪನ ಟವೆಲ್ಲಿನಲ್ಲಿ ಡಬ್ಬಿ ಇತ್ತು.

"ಅದನ್ನ ಬಿಚ್ಚು ಮಾಮ," ಎಂದಳು ಅವಳು.

"ಯಾಕವ್ವಾ?"

"ನೋಡ್ಬೇಕು ನಾನು."

ಈ ಸಲ ಬ್ಲೇಡು ಬಿಸಿ ಮಾಡಲಿಲ್ಲ. ಸ್ಟಿಕ್ಕರ್ ಹರಿಯಿತು, ಸಿಲಿಕಾನ್ ದಾರದಂತೆ ಬಿಟ್ಟುಕೊಂಡಿತು. ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ತಿಂಗಳೊಪ್ಪತ್ತು ಆ ಬಯಲಲ್ಲಿದ್ದ ಡಬ್ಬಿಯ ಒಳಗಿನ ಹಸಿರು ಹಲಗೆ, ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಶಿಲ್ಪಶ್ರೀ ಅದರ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಒಂದು ಚೂರೂ ಧೂಳು ಹೋಗಿಲ್ಲ ನೋಡು," ಎಂದಳು.

ಆಚೆ ತುದಿಯಲ್ಲಿ ಮೊದಲ ಟಿಪ್ಪರು ತೊಟ್ಟಿಯೆತ್ತಿತು. ಅದಿರು ಸುರಿದ ಸದ್ದು ಬಂತು, ಹಿಂದೆಯೇ ಕೆಂಪು ಮೋಡ ಎದ್ದು ನೆಲ ಹಿಡಿದು ಇತ್ತ ಬರತೊಡಗಿತು. ಪಕ್ಕೀರಪ್ಪನ ಅಂಗೈ ತಾನಾಗಿಯೇ ಡಬ್ಬಿಯ ಮೇಲೆ ಮುಚ್ಚಿಕೊಂಡಿತು. ಶಿಲ್ಪಶ್ರೀ ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು, ಹಿಡಿದ ಕೈ ಬಿಡಲಿಲ್ಲ. ಧೂಳು ಬಂತು. ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು, ಹಸಿರು ಹಲಗೆ ಕೆಂಪಾಗುವುದನ್ನು ನೋಡುತ್ತ ನಿಂತರು.